ತಪಸ್ಸುಕಾಲದ ಕಾಲು ಸೂಪು

ನನಗೆ ಟಿಬಿ ಆಗಿತ್ತು. ಈಗ ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತೇನೆ. ಕೆಲವರು ಸರಿದು ಕೂರುತ್ತಾರೆ. ಕೂರಲಿ, ನನಗೇ ಜಾಗ ಜಾಸ್ತಿ. ಆದರೆ ಎಂಬತ್ತರ ದಶಕದ ನಾಗಪುರದಲ್ಲಿ, ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಆ ಪುಟ್ಟ ಮನೆಯಲ್ಲಿ, ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನ್ನ ಗಂಡ "ಅದು" ಅನ್ನುತ್ತಿದ್ದರು. ಅತ್ತೆ ಅಷ್ಟೂ ಹೇಳದೆ ತಮ್ಮ ಎದೆ ಮುಟ್ಟಿ ತೋರಿಸುತ್ತಿದ್ದರು. ಇಂದು ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೈಯಲ್ಲಿ ಚೀಟಿ ಹಿಡಿದು, ಬಾಯಿಗೆ ಕರವಸ್ತ್ರ ಒತ್ತಿಕೊಂಡು, ನನ್ನ ಬಾಳು ಇಲ್ಲಿಗೆ ಮುಗಿಯಿತು ಅಂದುಕೊಂಡು ಕೂತ ಹೆಣ್ಣುಮಗಳೊಬ್ಬಳಿದ್ದರೆ, ಆಕೆಗಾಗಿ ಇದನ್ನು ಬರೆಯುತ್ತಿದ್ದೇನೆ. ಔಷಧದ ವಿಷಯ ಡಾಕ್ಟರು ಹೇಳುತ್ತಾರೆ ತಾಯಿ. ನಾನು ಹೇಳುವುದು ಊಟದ ವಿಷಯ.

ನಾವು ಮುದಗಲ್ಲಿನ ಕಡೆಯ ಕಥೋಲಿಕರು. ಕ್ರೈಸ್ತರು ಅಂದಕೂಡಲೇ ಜನ "ಕೊಂಕಣಿಯವರಾ? ಮಲಯಾಳಿಗಳಾ?" ಅನ್ನುತ್ತಾರೆ. ಎರಡೂ ಅಲ್ಲ. ಜೋಳದ ರೊಟ್ಟಿ ಬಡಿಯುವ, ಕನ್ನಡದಲ್ಲೇ ಜಪಮಾಲೆ ಹೇಳುವ ಜನ ನಾವು. ನನ್ನ ಗಂಡ ಇನ್ನಾಸಪ್ಪನವರಿಗೆ ಸಿವಿಲ್ ಲೈನ್ಸಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಅತ್ತೆ ಮರಿಯವ್ವ ನಮ್ಮ ಜೊತೆಗೇ ಇದ್ದರು. ಮಗಳು ರೋಜಿ ಆಗತಾನೇ ಶಾಲೆಗೆ ಸೇರಿದ್ದಳು. ಪಕ್ಕದ ಮನೆಯಲ್ಲಿ ಧಾರವಾಡದ ಗಂಗಕ್ಕ. ಆಕೆಯ ಗಂಡನೂ ಇವರ ಕಚೇರಿಯವರೇ. ಗಂಗಕ್ಕನ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮೊಟ್ಟೆ ಮಾರುವವನು ಬೀದಿಯಲ್ಲಿ ಕೂಗುತ್ತ ಹೋದರೆ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುವಷ್ಟು ಮಡಿವಂತೆ. ನನಗೆ ಆಕೆಯೆಂದರೆ ಪ್ರಾಣ.

ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಕ್ಕೆ ನಾವು ತಪಸ್ಸುಕಾಲ ಅನ್ನುತ್ತೇವೆ. ನಮ್ಮ ಮನೆಯಲ್ಲಿ ಅದು ಶುರುವಾಗುತ್ತಿದ್ದುದು ನಾವು ಗುಡಿ ಅನ್ನುವ ಚರ್ಚಿನಲ್ಲಲ್ಲ, ಅಡುಗೆಮನೆಯಲ್ಲಿ. ತಪಸ್ಸುಕಾಲದ ಮೊದಲ ದಿನ ಬೂದಿ ಬುಧವಾರ. ಅದರ ಹಿಂದಿನ ದಿನ ಅತ್ತೆ ಮಾಂಸದ ಬೋಗುಣಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಗೋಣಿಚೀಲದಲ್ಲಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ ಮೇಲಿನ ಹಲಗೆಗೆ ಏರಿಸಿಬಿಡುತ್ತಿದ್ದರು. ಅದು ಇಳಿಯುತ್ತಿದ್ದುದು ಪಾಸ್ಖದ ಬೆಳಿಗ್ಗೆಯೇ. ಅಷ್ಟರವರೆಗೆ ಮಾಂಸವಿಲ್ಲ, ಮೊಟ್ಟೆಯಿಲ್ಲ, ಚಹಾಕ್ಕೆ ಹಾಲೂ ಇಲ್ಲ. ಈಗ ಧರ್ಮಸಭೆ ಅಷ್ಟೆಲ್ಲ ಕೇಳುವುದಿಲ್ಲ ಎಂದು ಇವರು ಒಮ್ಮೆ ಹೇಳಿ ನೋಡಿದ್ದರು. "ರೋಮಿನವ್ರು ಬಿಟ್ಟಿರಬಹುದು, ನಾ ಬಿಟ್ಟಿಲ್ಲ," ಅಂದಿದ್ದರು ಅತ್ತೆ.

ನಾನೇನು ಕಡಿಮೆಯೇ? ಅತ್ತೆಗೆ ತಕ್ಕ ಸೊಸೆ. ಹಗಲಿಗೊಂದೇ ಊಟ, ಅದೂ ಒಣರೊಟ್ಟಿ, ಖಾರ. ಉಪವಾಸದಲ್ಲಿ ನನ್ನನ್ನು ಮೀರಿಸುವವರು ಇಡೀ ಕ್ವಾರ್ಟರ್ಸಿನಲ್ಲಿ ಇರಲಿಲ್ಲ. ಗಂಗಕ್ಕ ಸೋಮವಾರದ ಉಪವಾಸಕ್ಕೆ ಸಾಬುದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಮೇಲೊಂದು ಲೋಟ ಕೆನೆಹಾಲು ಇಟ್ಟುಕೊಂಡು ಕೂತರೆ ನಾನು ಬೇಲಿಯಾಚೆಯಿಂದ ಕಾಡುತ್ತಿದ್ದೆ. "ಇದು ಉಪವಾಸ ಅಲ್ಲ ಗಂಗಕ್ಕ, ನಿಮ್ಮನಿ ಸೀಮಂತ!" ಆಕೆ ಒಂದು ಉಂಡಿ ನನ್ನ ಕೈಗೂ ತುರುಕುತ್ತಿದ್ದಳು.

ಆ ವರ್ಷ ಕ್ರಿಸ್ಮಸ್ಸಿಗೆ ಮೊದಲೇ ಹಿಡಿದ ಕೆಮ್ಮು ಬಿಡಲೇ ಇಲ್ಲ. ನಾಗಪುರದ ಚಳಿ ಅಂದೆವು. ಹಳೆಯ ರಜಾಯಿಯ ಹತ್ತಿ ಅಂದೆವು. ಕಿತ್ತಳೆಹಣ್ಣು ಜಾಸ್ತಿ ತಿಂದೆ ಅಂದಳು ಗಂಗಕ್ಕ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ರವಿಕೆಗಳನ್ನೆಲ್ಲ ಒಳಗೆ ಹಿಡಿದು ಹೊಲಿದುಕೊಂಡೆ. ತಟ್ಟೆಯ ಮುಂದೆ ಕೂತರೆ ಅನ್ನ ಕಂಡು ಹೊಟ್ಟೆ ತೊಳಸುತ್ತಿತ್ತು. ರೋಜಿ ನನ್ನ ಬಳೆಗಳನ್ನು ಮೊಣಕೈವರೆಗೂ ಜಾರಿಸಿ ಆಡುತ್ತಿದ್ದಳು. "ಮಮ್ಮಿ, ನಿನ್ನ ಕೈ ಸಣ್ಣದಾಗೇತಿ, ನನ್ನಂಗ ಆಗೇತಿ," ಎಂದು ಅವಳಿಗೆ ಖುಷಿಯೋ ಖುಷಿ. ಒಂದು ದಿನ ಕರವಸ್ತ್ರದಲ್ಲಿ ಕೆಂಪು ಕಂಡಿತು. ಇವರು ಸೈಕಲ್ ಹೊರಗೆ ತೆಗೆದರು.

ಎದೆರೋಗದ ಆಸ್ಪತ್ರೆಯ ಉದ್ದನೆ ಪಡಸಾಲೆಯಲ್ಲಿ ಬೆಂಚುಗಳು. ಎಲ್ಲರ ಬಾಯಿಗೂ ಸೆರಗು, ಟವೆಲು, ಮಫ್ಲರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪರಿಚಯದವರು ಕಂಡುಬಿಟ್ಟರೆ ಎಂಬ ಭಯ. ಎಲ್ಲರೂ ಗೋಡೆ ನೋಡುತ್ತ ಕೂತಿದ್ದರೆ ನನ್ನ ಪಕ್ಕದಲ್ಲಿದ್ದ ಒಬ್ಬಳೇ ಒಬ್ಬಳು ಎಲೆಅಡಿಕೆ ಮಡಚುತ್ತ ಕೂತಿದ್ದಳು. ಹೆಸರು ಶಾಂತಾಬಾಯಿ. ಕಳಮನಾ ಮಾರ್ಕೆಟಿನಲ್ಲಿ ಮೆಣಸಿನಕಾಯಿ ಆರಿಸುವವಳು. "ಪಹಿಲ್ಯಾಂದಾ ಕಾ?" ಅಂದಳು, ಮೊದಲ ಸಲವೇ ಅಂತ. ಹೌದೆಂದು ತಲೆಯಾಡಿಸಿದೆ. "ಘಾಬರೂ ನಕೋ," ಹೆದರಬೇಡ, ಎಂದು ನನ್ನ ತೊಡೆಯ ಮೇಲೆ ಧಪ್ಪನೆ ಒಂದು ಏಟು ಕೊಟ್ಟಳು. ಆಮೇಲೆ ಕಿವಿಯಲ್ಲಿ, ಕೆಂಪು ಮಾತ್ರೆ ನುಂಗಿದ ಮೇಲೆ ಒಂದಕ್ಕೆ ಹೋದರೆ ಅದೂ ಕೆಂಪಗಿರುತ್ತದೆ, ಅದು ರಕ್ತವಲ್ಲ, ತಾನು ಗೊತ್ತಿಲ್ಲದೆ ಇಡೀ ಕೇರಿಯನ್ನು ಕೂಡಿಸಿ ಅತ್ತಿದ್ದೆ ಎಂದು ಹೇಳಿ ಕುಲುಕುಲು ನಕ್ಕಳು. ಬಾಯಿಗೆ ಟವೆಲು ಒತ್ತಿಕೊಂಡಿದ್ದ ಎದುರಿನ ಮುದುಕನ ಭುಜವೂ ಕುಣಿಯಿತು. ಆಕೆಯ ದಯೆಯಿಂದ ಮರುದಿನ ಬಚ್ಚಲಲ್ಲಿ ಕೆಂಪು ಕಂಡಾಗ ನಾನು ಹೆದರಲಿಲ್ಲ. ವಿಷಯ ಕೇಳಿ ಕುಸಿದು ಕೂತವರು ನನ್ನ ಗಂಡ.

ಡಾಕ್ಟರ್ ಬಾಯಿ ವಯಸ್ಸಾದ ಮರಾಠಿ ಹೆಂಗಸು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದರು, ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿದರು, ತೂಕ ನೋಡಿಯೇ ಹೆಚ್ಚು ಬೇಜಾರು ಮಾಡಿಕೊಂಡರು. ವಾಸಿಯಾಗುವ ಕಾಯಿಲೆ ಇದು, ಆದರೆ ಮೈಯಲ್ಲಿ ಏನೂ ಇಲ್ಲವಲ್ಲ ನಿನಗೆ, ಎಂದರು. ಹಾಲು, ಮೊಟ್ಟೆ, ಆಡಿನ ಕಾಲಿನ ಪಾಯಾ ಸೂಪು, ಏನಾದರೂ ಸರಿ, ತಿನ್ನಬೇಕು. ಕಫ ಶುದ್ಧವಾಗುವವರೆಗೆ ಮಗು ಹತ್ತಿರ ಬರಬಾರದು. ಇನ್ನೂ ಇಳಿದುಹೋದರೆ ವಾರ್ಡಿಗೆ ಸೇರಿಸುತ್ತೇನೆ, ಅಲ್ಲಿಂದ ಯಾವಾಗ ಬಿಡುತ್ತೇನೆ ಅಂತ ಈಗ ಹೇಳಲಾರೆ.

ವಾರ್ಡು ಅಂದರೆ ಏನೆಂದು ನನಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ನಾನು ವಾರ್ಡಿಗೆ ಹೋದರೆ ಮನೆ ನಡೆಯದು, ಅತ್ತೆ ರೋಜಿಯನ್ನು ಕರೆದುಕೊಂಡು ಮುದಗಲ್ಲಿಗೆ ಹೋಗಬೇಕು. ಬರುವಷ್ಟರಲ್ಲಿ ಮಗು ನನ್ನನ್ನು ಗುರುತು ಹಿಡಿಯುತ್ತದೋ ಇಲ್ಲವೋ. ಬರುವುದು ನನ್ನ ಹತ್ತಿರಕ್ಕೋ, ನನ್ನ ಗೋರಿಯ ಹತ್ತಿರಕ್ಕೋ. ಸೈಕಲ್ಲಿನ ಹಿಂದೆ ಕೂತು ಮನೆ ಮುಟ್ಟುವವರೆಗೂ ನನಗೆ ಒಂದೇ ಜಪ. ದೇವರೇ, ಮಗಳ ದನಿ ಕೇಳುವಷ್ಟು ದೂರದಲ್ಲಿ ನನ್ನನ್ನು ಇಡು, ಸಾಕು.

ಅಂದು ಸಂಜೆಯೇ ಗಂಗಕ್ಕ ರೋಜಿಯ ಹಾಸಿಗೆ ಸುತ್ತಿಕೊಂಡು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಗಿನವರಲ್ಲಿ ಆಕೆಗೊಬ್ಬಳಿಗೆ ಮಾತ್ರ ಹೇಳಿದ್ದೆವು. "ಇದಕ್ಯಾಕ ಅಳ್ತಿ ತೆರೇಜಾ? ನಮ್ಮ ಕಾಕಾಗೂ ಆಗಿತ್ತು. ಆರಾಮಾಗಿ, ಮ್ಯಾಲೆ ಎರಡನೇ ಮದುವಿನೂ ಮಾಡ್ಕೊಂಡ," ಅಂದಳು. ಅಳುತ್ತಿದ್ದವಳು ನಕ್ಕುಬಿಟ್ಟೆ. ನಕ್ಕರೆ ಕೆಮ್ಮು, ಕೆಮ್ಮಿದರೆ ಅಳು.

ಆ ಸಂಜೆ ಯಾವುದು ಗೊತ್ತೇ? ಬೂದಿ ಬುಧವಾರದ ಹಿಂದಿನ ದಿನ. ನಾವು ಒಳಗೆ ಬಂದಾಗ ಅತ್ತೆ ಬೋಗುಣಿಯ ಗೋಣಿಚೀಲಕ್ಕೆ ಕೊನೆಯ ಗಂಟು ಹಾಕುತ್ತಿದ್ದರು. ಇವರು ನಿಂತಲ್ಲೇ ಡಾಕ್ಟರ ಮಾತನ್ನೆಲ್ಲ ಒಪ್ಪಿಸಿದರು. ಹಾಲು, ತತ್ತಿ, ಕಾಲು ಸೂಪು. ಅತ್ತೆ ಗಂಟಿನ ಮೇಲಿನ ಕೈ ತೆಗೆಯಲಿಲ್ಲ. "ನಾಳೆ ಬೂದಿ ಬುಧವಾರ ಅಲ್ಲೇನೋ ಇನ್ನಾಸ," ಅಂದರು.

"ಗೊತ್ತೈತಿ ಅತ್ತಿ. ನಾ ತಿನ್ನಂಗಿಲ್ಲ," ಅಂದೆ ನಾನು. "ಸಾಯೋದಾದ್ರ ಬಾಯಾಗ ಎಲುಬು ಇಟ್ಕೊಂಡು ಸಾಯಂಗಿಲ್ಲ."

ನನ್ನ ಗಂಡ ನೆಲ ನೋಡಿ ನಡೆಯುವ ಮನುಷ್ಯ. ಮದುವೆಯಾದಾಗಿನಿಂದ ಒಮ್ಮೆಯೂ ದನಿ ಏರಿಸಿದವರಲ್ಲ. ಅಂದು ಗೋಡೆ ನಡುಗುವ ಹಾಗೆ ಕೂಗಿದರು. "ಸಾಯೋ ಮಾತ ಬಿಡ! ಆ ಕೂಸಿನ ಮಾರಿ ನೋಡಿ ಮಾತಾಡ!" ಕೂಗಿದ್ದಕ್ಕೆ ತಾವೇ ಗಾಬರಿಯಾಗಿ ಹೊರಗೆ ಹೋಗಿ ಸೈಕಲ್ ಒರೆಸತೊಡಗಿದರು.

ಮರುದಿನ ಪೂಜೆಗೆ ಹೋಗಿ ಹಿಂದಿನ ಸಾಲಿನ ಕೊನೆಯಲ್ಲಿ ಕೂತೆ. ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡ ಮೇಲೆ, ಜನ ಹೋದ ನಂತರ, ದೂರ ನಿಂತು ಫಾದರಿಗೆ ನನ್ನ ಹರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಒಳಗೊಳಗೆ ಆಸೆಯಿತ್ತು. ಭೇಷ್, ಎಂಥ ಭಕ್ತಿ ನಿಮ್ಮದು, ಉಪವಾಸ ಮಾಡಿ, ದೇವರು ನೋಡಿಕೊಳ್ಳುತ್ತಾನೆ, ಅಂತ ಅಂದಾರು ಎಂದು. ಅವರು ಕೇರಳದವರು, ಗುಂಡಗೆ, ನಗುಮುಖ. ಕೈಗೆ ಹತ್ತಿದ್ದ ಬೂದಿ ಒರೆಸಿಕೊಳ್ಳುತ್ತ ಕೇಳಿದರು. "ಈಗ ನಿಮಗೆ ಯಾವುದು ಕಷ್ಟ? ತಿನ್ನದೇ ಇರುವುದೋ, ತಿನ್ನುವುದೋ?"

ತಿನ್ನುವುದೇ, ಅಂದೆ. ವಾಸನೆ ಬಂದರೆ ಸಾಕು, ಕರುಳು ಕಿತ್ತು ಬರುತ್ತದೆ.

"ಹಾಗಾದರೆ ತಿನ್ನಿ. ತಟ್ಟೆಗೆ ಬಂದದ್ದನ್ನು ಗೊಣಗದೆ ತಿನ್ನಿ. ನಿಮಗೆ ಈ ವರ್ಷ ಇದೇ ತಪಸ್ಸು." ಮುಗಿಯಿತು, ಅವರು ಬೂದಿಯ ತಟ್ಟೆ ಎತ್ತಿಕೊಂಡು ನಡೆದೇಬಿಟ್ಟರು.

ಮನೆಗೆ ಬಂದರೆ ಬೇಲಿಯಾಚೆ ಗಂಗಕ್ಕ, ಸೊಂಟದ ಮೇಲೆ ರೋಜಿ. ರೋಜಿಯ ಹಣೆಯ ತುಂಬ ಮೂರು ಪಟ್ಟೆ ವಿಭೂತಿ. ನನ್ನ ಹಣೆಯ ಬೂದಿ ನೋಡಿ ಗಂಗಕ್ಕ ಇನ್ನೊಂದು ಕೈ ಸೊಂಟಕ್ಕಿಟ್ಟು ಅಂದಳು. "ನಿಮಗ ವರ್ಷಕ್ಕೊಮ್ಮೆ, ನಮಗ ದಿನಾ ಬೂದಿ ಬುಧವಾರ. ಯಾರ ಭಕ್ತಿ ದೊಡ್ಡದು ಹೇಳ ಮತ್ತ!" ರೋಜಿ ಬೇಲಿಯ ಮೇಲಿಂದ ಕೈ ಚಾಚಿದಳು. "ಮಮ್ಮಿ, ಮುಟ್ಟಲೇನ?" ಅಂದಳು. ಬ್ಯಾಡವ್ವಾ, ಅಂದು ಎರಡು ಹೆಜ್ಜೆ ಹಿಂದೆ ಸರಿದೆ. ಟಿಬಿಯ ಇಂಜೆಕ್ಷನ್ನು ನೋಯುತ್ತದೆ ಅನ್ನುತ್ತಾರೆ. ಆ ಎರಡು ಹೆಜ್ಜೆಯ ಮುಂದೆ ಅದು ಸೊಳ್ಳೆಕಡಿತ.

ಫಾದರ ಮಾತನ್ನು ಅತ್ತೆಗೆ ಹೇಳಿದೆ. ಅವರು ಅದನ್ನು ಒಪ್ಪಿದರು. ಆದರೆ ಕಟ್ಟಿದ ಗಂಟು ಬಿಚ್ಚುವ ಮಾತೇ ಇಲ್ಲ. ಪಾಸ್ಖಕ್ಕೆ ಮುಂಚೆ ಬಿಚ್ಚಿದರೆ ಅವರ ಅತ್ತೆ, ಅವರ ಅತ್ತೆಯ ಅತ್ತೆ, ಎಲ್ಲರೂ ಮಣ್ಣಿನಿಂದ ಎದ್ದು ಬರುತ್ತಾರೆ. ಎದ್ದು ಹಿತ್ತಿಲಿಗೆ ಹೋದರು. ಮೂರು ಇಟ್ಟಿಗೆ ಜೋಡಿಸಿದರು. ಕುಂಬಾರನಿಂದ ತರಿಸಿದ ಹೊಸ ಗಡಿಗೆ ಇಟ್ಟು ಬೆಂಕಿ ಹೊತ್ತಿಸಿದರು. ಕಾಲು ಸೂಪಿಗೆ ಕೊತ್ತಂಬರಿ, ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿದರು. "ಮನಿ ಒಳಗ ತಪಸ್ಸು ನಡೀತೈತಿ. ಹಿತ್ತಲ ನಮ್ಮ ಮನಿ ಅಲ್ಲ, ದವಾಖಾನಿ ಅಂತ ತಿಳಕೋ," ಎಂದು ನನಗೆ ಹಿಂದಿನ ಬಾಗಿಲ ಹೊರಗೇ ಮಣೆ ಹಾಕಿದರು.

ಬಟ್ಟಲು ಕೈಗೆ ಬಂತು. ಒಂದು ಗುಟುಕು ಒಳಗೆ ಹೋಯಿತು, ಎರಡನೆಯದು ಗಂಟಲಲ್ಲಿ ನಿಂತಿತು. ಬಟ್ಟಲು ಕೆಳಗಿಟ್ಟೆ. ಅತ್ತೆ ಎದುರಿಗೆ ಕೂತು ಜಪಮಾಲೆ ತೆಗೆದರು. "ನೋಡ ತೆರೇಜಾ, ಒಂದ ಗುಟುಕಿಗೆ ಒಂದ ಮಣಿ. ನೀ ನುಂಗಿದ್ರ ನಾ ಮುಂದಿನ ಮಣಿಗೆ ಹೋಗ್ತೀನಿ. ಜಪಮಾಲಿ ಮುಗೀದ ನಾ ರೊಟ್ಟಿ ಮುಟ್ಟಂಗಿಲ್ಲ."

"ಸಾಕ ಬಿಡ್ರಿ ಅತ್ತಿ, ಇದ್ಯಾವ ಜುಲುಮಿ!"

"ಜುಲುಮಿನೋ ಗಿಲುಮಿನೋ, ನನಗೂ ಹಸಿವಿ ಆಗೇತಿ. ಜಲ್ದಿ ನುಂಗ."

ಮುದುಕಿ ಬೆಳಗಿನಿಂದ ನೀರು ಮಾತ್ರ ಕುಡಿದಿದ್ದರು. ಹೀಗೆ ಶುರುವಾಯಿತು ನಮ್ಮ ಮನೆಯ ತಪಸ್ಸುಕಾಲ. ಸೊಸೆ ಹಿತ್ತಿಲಲ್ಲಿ ಕಣ್ಣೀರು ಹಾಕುತ್ತ ಸೂಪು ಕುಡಿಯುವುದು, ಅತ್ತೆ ಅದರ ವಾಸನೆ ಕುಡಿಯುತ್ತ ಒಣರೊಟ್ಟಿಗೆ ಕಾಯುವುದು. ಕೆಲವೊಮ್ಮೆ ನಾನು ಮುಖ ಹಿಂಡಿದರೆ ಅತ್ತೆ ಮಣಿಯ ಮೇಲೆ ಬೆರಳಿಟ್ಟು, "ದೇವಮಾತೆ ಅಲ್ಲೇ ಬಿಸಲಾಗ ನಿಂತಾಳ, ಆಕಿನ್ನ ಯಾಕ ನಿಂದ್ರಸ್ತಿ?" ಅನ್ನುತ್ತಿದ್ದರು. ನಗು ತಡೆಯಲಾರದೆ ನುಂಗಿಬಿಡುತ್ತಿದ್ದೆ. ಬೇಲಿಯಾಚೆಯಿಂದ ರೋಜಿ ತಾನು ಏನೇನು ತಿಂದೆ ಎಂದು ಕೂಗಿ ವರದಿ ಕೊಡುತ್ತಿದ್ದಳು. ಆಚೆ ಅವಳಿಗೆ ಸಿಹಿ ಮಾದಲಿ, ತುಪ್ಪ. ಈಚೆ ನನಗೆ ಆಡಿನ ಕಾಲು.

ಆದರೂ ಮುಂದಿನ ತಪಾಸಣೆಯಲ್ಲಿ ತೂಕ ಏರಿರಲಿಲ್ಲ. ತಿಂದದ್ದರಲ್ಲಿ ಅರ್ಧ ವಾಂತಿ. ಡಾಕ್ಟರ್ ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದು ವಾರ ನೋಡುತ್ತೇನೆ, ಆಮೇಲೆ ಹಾಸಿಗೆ ಸಮೇತ ಬಂದುಬಿಡು, ಅಂದರು. ಇವರು ದಾರಿಯುದ್ದಕ್ಕೂ ಸೈಕಲ್ ತುಳಿಯಲಿಲ್ಲ, ತಳ್ಳಿಕೊಂಡೇ ಬಂದರು. ನಾನು ಪಕ್ಕದಲ್ಲಿ ನಡೆದೆ. ಮುದಗಲ್ಲಿಗೆ ಯಾವ ರೈಲು, ಎಲ್ಲಿ ಬಸ್ಸು ಹಿಡಿಯಬೇಕು ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ಮುಖದ ಮೇಲೆ ಕಾಣುತ್ತಿತ್ತು.

ಆ ವಾರದಲ್ಲೇ ಮತ್ತೊಂದು ಶುಕ್ರವಾರ ಬಂತು. ತಪಸ್ಸುಕಾಲದ ಶುಕ್ರವಾರ ಮಾಂಸದ ನೆರಳೂ ಬೀಳಬಾರದು, ಅಲ್ಲಿಯವರೆಗಿನ ಶುಕ್ರವಾರಗಳನ್ನು ಬರೀ ಹಾಲಿನಲ್ಲೇ ತಳ್ಳಿದ್ದೆವು. ಅತ್ತೆ ಬೆಳಿಗ್ಗೆ ಎದ್ದು ಹಿತ್ತಿಲ ಒಲೆಯನ್ನು ನೋಡಿದರು, ಆಕಾಶ ನೋಡಿದರು, ನನ್ನನ್ನು ನೋಡಿದರು. "ದವಾಖಾನಿಗೆ ಶುಕ್ರವಾರ ಸೂಟಿ ಐತೇನು?" ಎಂದು ಯಾರಿಗೋ ಕೇಳಿದಂತೆ ಕೇಳಿ ಬೆಂಕಿ ಹೊತ್ತಿಸಿದರು.

ಶುಕ್ರವಾರ ಸಂಜೆ ನಮ್ಮ ಕ್ವಾರ್ಟರ್ಸಿನ ಕ್ರೈಸ್ತರು ಒಂದೊಂದು ವಾರ ಒಂದೊಂದು ಮನೆಯಲ್ಲಿ ಸೇರಿ ಶಿಲುಬೆ ಹಾದಿ ಮಾಡುತ್ತಿದ್ದೆವು. ಯೇಸು ಶಿಲುಬೆ ಹೊತ್ತು ನಡೆದ ಹದಿನಾಲ್ಕು ಸ್ಥಾನಗಳ ಪ್ರಾರ್ಥನೆ ಅದು. ಆ ವಾರದ ಮನೆಯವರು ಊರಿಗೆ ಹೋಗಿದ್ದರಂತೆ. ಬೆಳಿಗ್ಗೆ ಗುಡಿಯಲ್ಲಿ ಯಾರೋ, "ಇನ್ನಾಸ್ ಭಾಯಿ, ನಿಮ್ಮಲ್ಲಿ ಮಾಡೋಣವೇ?" ಅಂದರೆ ನನ್ನ ಗಂಡ, ಇಲ್ಲ ಅನ್ನಲು ಬಾರದ ಮಹಾನುಭಾವ, "ಹಾಂ ಹಾಂ, ಬನ್ನಿ," ಅಂದುಬಿಟ್ಟಿದ್ದಾರೆ. ಮನೆಗೆ ಬಂದು ಹೇಳುವುದನ್ನು ಮರೆತಿದ್ದಾರೆ.

ಸಂಜೆ ಮುಂಬಾಗಿಲಲ್ಲಿ ಜನ, ಹಿತ್ತಿಲಲ್ಲಿ ಕೊತಕೊತ ಕುದಿಯುವ ಆಡಿನ ಕಾಲು. ಅತ್ತೆಗೆ ಗಡಿಗೆ ಇಳಿಸಲೂ ಪುರುಸೊತ್ತಿಲ್ಲ. ನಾನು ಬಾಯಿಗೆ ಸೆರಗು ಕಟ್ಟಿಕೊಂಡು ಹಿಂಬಾಗಿಲ ಹೊರಗೆ ಮಣೆಯ ಮೇಲೆ ಕೂತೆ. ನೆಗಡಿ ಅಂದೆವು. ಎರಡನೆಯ ಸ್ಥಾನ ಮುಗಿಯುವುದರೊಳಗೆ ಬೆಳ್ಳುಳ್ಳಿ, ಮೆಣಸಿನ ಘಮ ಮನೆಯೊಳಕ್ಕೆ ನಡೆದು ಬಂತು. ಪ್ರಾರ್ಥನೆ ಹೇಳಿಸುತ್ತಿದ್ದವರು ಗೋವಾದ ಬ್ರಿಜಿತ್ ಆಂಟಿ. ದೊಡ್ಡ ಮೈ, ದೊಡ್ಡ ದನಿ. ಪುಸ್ತಕ ಮುಚ್ಚಿ ಮೂಗು ಏರಿಸಿದರು. "ಯೇ ಮಟನ್ ಕಿಸಕೇ ಘರ್ ಪಕ್ ರಹಾ ಹೈ? ಶುಕ್ರವಾರ ಕೋ?" ಶುಕ್ರವಾರ ಯಾರ ಮನೆಯಲ್ಲಿ ಮಟನ್ ಬೇಯುತ್ತಿದೆ, ಎಂದು ಹಿಂಬಾಗಿಲ ಕಡೆಗೇ ಬಂದರು.

ಬೇಲಿಯಾಚೆ ಗಂಗಕ್ಕ ರೋಜಿಯ ಕೈ ಹಿಡಿದು ಪ್ರಾರ್ಥನೆ ಕೇಳಿಸುತ್ತಿದ್ದಳು. ಬ್ರಿಜಿತ್ ಆಂಟಿಯನ್ನು ನೋಡಿದಳು, ಗಡಿಗೆ ನೋಡಿದಳು, ನನ್ನ ಮುಖ ನೋಡಿದಳು. ಸೆರಗಿನಿಂದ ತನ್ನ ಮೂಗು ಗಟ್ಟಿಯಾಗಿ ಮುಚ್ಚಿಕೊಂಡು ಕೂಗಿದಳು.

"ಹಮಾರಾ ಹೈ! ವೋ ಮಟನ್ ಹಮಾರಾ ಹೈ!"

ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಕೊರಳಲ್ಲಿ ಲಿಂಗ, ಮುಚ್ಚಿದ ಮೂಗು, ಬಾಯಲ್ಲಿ "ಆ ಮಟನ್ನು ನಮ್ಮದು" ಎಂಬ ಮಾತು! ಆಕೆಯ ಗಂಡ ಒಳಗಿನಿಂದ ಬಂದವರು ಈ ಮಾತು ಕೇಳಿ ಹಾಗೇ ಒಳಕ್ಕೆ ಹೋದರು. "ಆಪಕಾ?" ನಿಮ್ಮದೇ, ಎಂದು ಬ್ರಿಜಿತ್ ಆಂಟಿ ಬಾಯಿ ತೆರೆದು ನಿಂತರು.

ಅತ್ತೆ ಮೊಣಕಾಲೂರಿದ್ದವರು ಗೋಡೆ ಹಿಡಿದು ಎದ್ದರು. "ಬ್ಯಾಡವ್ವಾ ಗಂಗಾ. ನನ್ನ ಸಲುವಾಗಿ ನಿನ್ನ ಬಾಯಿ ಮೈಲಿಗಿ ಮಾಡ್ಕೋಬ್ಯಾಡ," ಅಂದರು. ಆಮೇಲೆ ಎಲ್ಲರ ಕಡೆಗೆ ತಿರುಗಿ ತಮಗೆ ಬಂದಷ್ಟು ಹಿಂದಿಯಲ್ಲಿ, "ಮೇರಾ ಬಹೂ ಕೋ ಟಿಬಿ ಹೈ. ಸೂಪ್ ಉಸಕಾ. ಮೈ ಪಕಾಯಾ. ಶುಕ್ರವಾರ ಮಾಲೂಮ್ ಹೈ, ತೋ ಭೀ ಪಕಾಯಾ," ಅಂದರು. ಸೊಸೆಗೆ ಟಿಬಿ, ಸೂಪು ಅವಳದು, ಶುಕ್ರವಾರ ಅಂತ ಗೊತ್ತಿದ್ದೂ ನಾನೇ ಬೇಯಿಸಿದೆ, ಅಂತ.

ಅಷ್ಟು ದಿನ ಬಾಯಿಗೆ ಬಾರದ ಮಾತು ತುಂಬಿದ ಮನೆಯಲ್ಲಿ ಬಂದುಬಿಟ್ಟಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಇಬ್ಬರು ಹೆಂಗಸರು ಸೆರಗನ್ನು ಬಾಯಿಗೆ ತಂದುಕೊಂಡರು. ಒಬ್ಬರು ಮಕ್ಕಳನ್ನು ಎಳೆದುಕೊಂಡು ಹೊರಟೇಹೋದರು. ಇದನ್ನು ಮುಚ್ಚಿಡುವುದಿಲ್ಲ, ಹಾಗೂ ಆಗುತ್ತದೆ, ನಿಮಗೂ ಆಗಬಹುದು. ಬ್ರಿಜಿತ್ ಆಂಟಿ ಮಾತ್ರ ಗಡಿಗೆಯೊಳಗೆ ಬಗ್ಗಿ ನೋಡಿದರು. "ತಳ ಹಿಡಿಯುತ್ತಿದೆಯಲ್ಲ, ಇಳಿಸಿ!" ಎಂದು ಹಿಂದಿಯಲ್ಲಿ ಅಬ್ಬರಿಸಿ, ತಾವೇ ಸೆರಗು ಹಿಡಿದು ಇಳಿಸಿ, ಬಟ್ಟಲಿಗೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು. "ಕುಡಿ. ನಾವು ಮುಂದಿನದು ಹೇಳುತ್ತೇವೆ."

ಅತ್ತೆಗೆ ಅಷ್ಟೇ ಸಾಕಾಯಿತು. "ಒಂದ ಸ್ಥಾನಕ್ಕ ಒಂದ ಗುಟುಕು!" ಎಂದು ಒಳಗಿನಿಂದಲೇ ಆಜ್ಞೆ ಕೊಟ್ಟರು. ಯೇಸು ಮೊದಲ ಸಲ ಬಿದ್ದಾಗ ಒಂದು, ತಾಯಿಯನ್ನು ಕಂಡಾಗ ಒಂದು. ಪ್ರತಿ ಸ್ಥಾನ ಮುಗಿದಾಗಲೂ ಇಡೀ ಮನೆ ತಿರುಗಿ ಹಿಂಬಾಗಿಲ ಕಡೆ ನೋಡುತ್ತಿತ್ತು, ನಾನು ನುಂಗಿದೆನೋ ಇಲ್ಲವೋ ಅಂತ. ದಾರಿಯಲ್ಲಿ ಯಾರೋ ಶಿಲುಬೆಗೆ ಹೆಗಲು ಕೊಟ್ಟ ಸ್ಥಾನ ಬಂದಾಗ ನನಗೆ ತಡೆಯಲಾಗಲಿಲ್ಲ, ಅಳುತ್ತ ನಗುತ್ತ ಎರಡು ಗುಟುಕು ಒಟ್ಟಿಗೇ ಕುಡಿದೆ. ಬೇಲಿಯಾಚೆ ರೋಜಿ ಚಪ್ಪಾಳೆ ತಟ್ಟಿದಳು. ಅಂದು ಕುಡಿದದ್ದರಲ್ಲಿ ಒಂದು ಹನಿಯೂ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ್ತಿಲ ಮೇಲೆ ಕಾಗದದಲ್ಲಿ ಸುತ್ತಿದ ಮೊಟ್ಟೆಗಳು, ಒಂದು ಚೊಂಬು ಹಾಲು. ಅದರ ಮರುದಿನವೂ. ಬ್ರಿಜಿತ್ ಆಂಟಿಯ ಮನೆಯವರು, ಆಚೆ ಸಾಲಿನ ತಮಿಳರು, ತಪಸ್ಸುಕಾಲಕ್ಕೆಂದು ತಾವು ತಿನ್ನದೆ ಬಿಟ್ಟದ್ದನ್ನು ನಮ್ಮ ಬಾಗಿಲಿಗೆ ತಂದಿಡುತ್ತಿದ್ದರು. ಸೋಮವಾರ ಗಂಗಕ್ಕನ ಆ ಕೆನೆಹಾಲಿನ ಲೋಟವೂ ಬೇಲಿ ದಾಟಿ ಬಂತು. ಪ್ರತಿವರ್ಷ ಹೀಗೆ ಉಳಿಸಿದ್ದನ್ನು ಬಡವರಿಗೆ ಕೊಟ್ಟು ಬರುತ್ತಿದ್ದವಳು ನಾನು. ಈಗ ನನಗೇ ಬಂತಲ್ಲ ಎಂದು ಮೈಯೆಲ್ಲ ಉರಿಯಿತು. "ನಾ ಏನ ಭಿಕ್ಷುಕೀನ ಅತ್ತಿ? ವಾಪಸ್ ಕೊಟ್ಟು ಬರ್ರಿ," ಎಂದು ಮುಖ ತಿರುಗಿಸಿ ಕೂತೆ.

ಅತ್ತೆ ಮೊಟ್ಟೆ ಒಡೆಯುತ್ತಲೇ ಮಾತಾಡಿದರು. "ಇಷ್ಟ ವರ್ಷ ನೀ ಬಿಟ್ಟ ತುತ್ತು ಯಾರೋ ತಿಂದಾರ. ಅವರೆಲ್ಲ ಭಿಕ್ಷುಕರೇನು?"

ಅತ್ತೆ ಇನ್ನೊಂದು ಮೊಟ್ಟೆ ಕೈಗೆ ತೆಗೆದುಕೊಂಡರು.

"ಬಿಟ್ಟ ತುತ್ತು ಇನ್ನೊಬ್ಬರ ಹೊಟ್ಟಿ ಸೇರಬೇಕವ್ವಾ. ಸೇರಲಿಲ್ಲಂದ್ರ ಅದು ಉಪವಾಸ ಅಲ್ಲ, ಬರೇ ಹಸಿವಿ. ಅವರ ಉಪವಾಸ ನಿನ್ನ ಹೊಟ್ಟಿ ಬಾಗಿಲಕ್ಕ ಬಂದು ನಿಂತೈತಿ. ನೀ ಬಾಯಿ ಮುಚ್ಚಿದ್ರ ಅವರೆಲ್ಲ ಸುಮ್ಮನ ಹಸಗೊಂಡಂಗ ಆತು."

ಉಪವಾಸದ ಬಗ್ಗೆ ನಾನು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಮೊಟ್ಟೆಯ ಸಿಪ್ಪೆ ಹಿಡಿದುಕೊಂಡು ಹೇಳಿದ ಈ ಮಾತು ಮಾತ್ರ ನನ್ನ ಹೊಟ್ಟೆಗೆ ಇಳಿಯಿತು. ನಾನು ಹಸಿವನ್ನು ಒಡವೆಯಂತೆ ಹಾಕಿಕೊಂಡು ಓಡಾಡಿದವಳು. ಕೊಡುವ ಕೈ ಮೇಲೆ ಇರುತ್ತದೆ, ಸುಖವಾಗಿರುತ್ತದೆ. ಬೇಡುವ ಕೈಯಾಗಿ ನೋಡಬೇಕು, ಆಗ ಗೊತ್ತಾಗುತ್ತದೆ ಎಷ್ಟು ಬಿಡಬೇಕು ಅಂತ. ಕೂತು ತಿಂದೆ. ಉಪ್ಪು ಜಾಸ್ತಿಯಾಗಿತ್ತು, ಗೊಣಗಲಿಲ್ಲ.

ವಾರ ಮುಗಿದು ತೂಕದ ಯಂತ್ರದ ಮೇಲೆ ನಿಂತಾಗ ಕಣ್ಣು ಮುಚ್ಚಿಕೊಂಡಿದ್ದೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಶಾಂತಾಬಾಯಿ ಇಣುಕಿ ನೋಡಿ, "ವಾಢಲಂ! ವಾಢಲಂ!" ಏರಿತು, ಏರಿತು, ಎಂದು ಕುಣಿದಳು. ಡಾಕ್ಟರ್ ಬಾಯಿ ಗದರಿಸುವ ಮುಖ ಮಾಡಿಕೊಂಡು ನಕ್ಕರು. ವಾರ್ಡಿನ ಮಾತು ಅಂದೇ ಬಿಟ್ಟುಹೋಯಿತು. ಆಮೇಲೆ ಸ್ವಲ್ಪ ಸ್ವಲ್ಪವೇ ಹಸಿವು ಬಂತು. ಎಷ್ಟೋ ತಿಂಗಳಲ್ಲಿ ಮೊದಲ ಸಲ ಒಂದು ಬೆಳಿಗ್ಗೆ ಬೆಳ್ಳುಳ್ಳಿಯ ವಾಸನೆಗೆ ಬಾಯಲ್ಲಿ ನೀರೂರಿತು. ಅಂಥ ಸುಖ ಇನ್ನೊಂದಿಲ್ಲ. ಆರೋಗ್ಯವಂತರಿಗೆ ಅದು ಗೊತ್ತೇ ಆಗುವುದಿಲ್ಲ, ಪಾಪ.

ಪಾಸ್ಖದ ಹಿಂದಿನ ದಿನ, ಶನಿವಾರ, ಕಫದ ಫಲಿತಾಂಶ ಬಂತು. ಮಾತ್ರೆ ಇನ್ನೂ ತಿಂಗಳುಗಟ್ಟಲೆ ನುಂಗಬೇಕು, ಒಂದು ದಿನವೂ ಬಿಡಬಾರದು, ಆದರೆ "ಆತಾ ಮುಲೀಲಾ ಜವಳ ಘೇ," ಅಂದರು ಡಾಕ್ಟರ್ ಬಾಯಿ. ಈಗ ಮಗಳನ್ನು ಹತ್ತಿರ ತಗೋ ಅಂತ. ನಾನು ಅವರ ಕಾಲಿಗೆ ಬೀಳಲು ಹೋದೆ. ಇವರು ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡರು. ಆ ದಿನ ಸೈಕಲ್ ತುಳಿದ ರಭಸಕ್ಕೆ ನಾನು ಎರಡು ಸಲ ಬೀಳುವುದರಲ್ಲಿದ್ದೆ.

ರೋಜಿ ಮೊದಲು ಹತ್ತಿರ ಬರಲಿಲ್ಲ. ಗಂಗಕ್ಕನ ಮುಖ ನೋಡಿದಳು. "ಹೋಗ ಹುಚ್ಚಿ, ನಿಮ್ಮವ್ವ!" ಎಂದು ಗಂಗಕ್ಕ ದೂಡಿದಳು. ದೂಡಿದ ಮೇಲೆ ತಾನೇ ಗೋಡೆಗೆ ಮುಖ ಮಾಡಿ ನಿಂತಳು, ಅಷ್ಟು ದಿನ ಜೊತೆಯಲ್ಲಿ ಮಲಗಿಸಿಕೊಂಡಿದ್ದಳಲ್ಲ. ರೋಜಿ ಬಂದು ನನ್ನ ಕೆನ್ನೆಯನ್ನು ಒಂದೇ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹತ್ತಿಕೊಂಡಳು ನೋಡಿ, ಆ ದಿನವೆಲ್ಲ ಇಳಿಯಲೇ ಇಲ್ಲ.

ಮರುದಿನ ಪಾಸ್ಖದ ಪೂಜೆಗೆ ಗುಡಿ ಕಿಕ್ಕಿರಿದಿತ್ತು. ಗಂಗಕ್ಕನೂ ರೇಷ್ಮೆ ಸೀರೆ ಉಟ್ಟು ಬಂದು ನಮ್ಮ ಸಾಲಿನಲ್ಲೇ ಕೂತಿದ್ದಳು. ಪೂಜೆ ಮುಗಿದ ಮೇಲೆ ಫಾದರು ಕೆಳಗಿಳಿದು ಬಂದು ಮಕ್ಕಳನ್ನು ಒಬ್ಬೊಬ್ಬರನ್ನೇ ಹಿಂದಿಯಲ್ಲಿ ಮಾತಾಡಿಸಿದರು. ಈ ತಪಸ್ಸುಕಾಲದಲ್ಲಿ ಯೇಸುವಿಗಾಗಿ ನೀನು ಏನು ಬಿಟ್ಟಿದ್ದೆ? ಒಬ್ಬ ಚಾಕಲೇಟು ಅಂದ. ಇನ್ನೊಬ್ಬಳು ಬರ್ಫಿ ಅಂದಳು. ಬ್ರಿಜಿತ್ ಆಂಟಿಯ ಮೊಮ್ಮಗ ಭಾನುವಾರದ ಟಿವಿ ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ಫಾದರು ನಮ್ಮ ಸಾಲಿಗೆ ಬಂದು ನನ್ನ ತೊಡೆಯ ಮೇಲಿದ್ದವಳ ಕಡೆ ಬಗ್ಗಿದರು. "ಔರ್ ತೂ, ಬೇಟಾ? ತೂನೇ ಕ್ಯಾ ಛೋಡಾ?" ನೀನು ಏನು ಬಿಟ್ಟೆ, ಅಂತ.

ರೋಜಿ ಎದ್ದು ನಿಂತಳು.

"ಮಮ್ಮಿ," ಅಂದಳು.

ಗಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆಯ ಕೈ ಬಂದು ನನ್ನ ಮೊಣಕಾಲು ಹಿಡಿಯಿತು. ಫಾದರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. "ಔರ್ ಅಬ್?" ಮತ್ತೆ ಈಗ, ಅಂತ.

ಇಷ್ಟೂ ಗೊತ್ತಿಲ್ಲವೇ ಎಂಬಂತೆ ರೋಜಿ ಅವರನ್ನು ನೋಡಿದಳು.

"ಅಬ್ ತೋ ಈಸ್ಟರ್ ಹೈ ನಾ, ಫಾದರ್," ಈಗ ಈಸ್ಟರ್ ಅಲ್ಲವೇ, ಎಂದು ಹೇಳಿ ಮತ್ತೆ ನನ್ನ ತೊಡೆಯ ಮೇಲೆ ಕೂತಳು.